ಹನ್ನೊಂದು ಮಂದಿಯ ಸಾರಥಿ

ಮಕ್ಕಳಿರುವ ಗೃಹಸ್ಥರನ್ನು ಈ ಕಾಲದಲ್ಲಿ ಕಾಡುವ ಚಿಂತೆಗಳಲ್ಲಿ ಗಣಕಯಂತ್ರದ ಆಟವೂ ಒಂದು. ಕಳೆದ ಬೇಸಗೆಯ ರಜೆಯಲ್ಲಿ ಆ ಚಿಂತೆಯು ನಮ್ಮ ಮನೆಗೂ ಬಂದಿತು. ನಮ್ಮ ಮಗಳ ಮಗ, 14 ವರ್ಷದ ಹುಡುಗ, ರಾತ್ರಿಯ ಊಟವಾದೊಡನೆ ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು, ಕಾಣದ ಜನರೊಡನೆ ಮಾತನಾಡುತ್ತ, ಪರದೆಯ ಮುಂದೆ ಕುಳಿತುಬಿಡುತ್ತಿದ್ದನು. “ಅಪ್ಪಾ, ಅದು ಬರಿಯ ಗುಂಡು ಹಾರಿಸುವ ಆಟ. ನೀವಾದರೂ ಬುದ್ಧಿ ಹೇಳಿ ಬಿಡಿಸಿ” ಎಂದು ಮಗಳು ನಮ್ಮಲ್ಲಿ ಹೇಳಿಕೊಂಡಳು. ಉತ್ತರಪತ್ರಿಕೆಯನ್ನು ಓದದೆ ಅಂಕ ಹಾಕುವುದು ಉಪಾಧ್ಯಾಯರಿಗೆ ಸಲ್ಲದು. ಆದುದರಿಂದ ನಾವು ಕುರ್ಚಿಯೊಂದನ್ನು ಎಳೆದುಕೊಂಡು ಹುಡುಗನ ಪಕ್ಕದಲ್ಲಿಯೇ ಕುಳಿತೆವು. ಅಲ್ಲಿ ಕಂಡುದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಆಟದ ಹೆಸರು ಪ್ಲಾನೆಟ್‌ಸೈಡ್ 2. ಅಮೆರಿಕದ ಸ್ಯಾನ್ ಡಿಯೇಗೊ ನಗರದ ಸೋನಿ ಆನ್‌ಲೈನ್ ಎಂಟರ್‌ಟೈನ್‌ಮೆಂಟ್ ಎಂಬ ಸಂಸ್ಥೆಯವರು ಇದನ್ನು 2012ನೆಯ ಇಸವಿ ನವೆಂಬರ್ 20ರಂದು ಹೊರತಂದರು. ಆರಾಕ್ಸಿಸ್ ಎಂಬುದೊಂದು ಕಲ್ಪಿತ ಗ್ರಹ. ಅದರ ಒಡೆತನಕ್ಕಾಗಿ ಮೂರು ಪಕ್ಷಗಳು ಹೋರಾಡುತ್ತವೆ. ಇಂಡಾರ್ ಎಂಬ ಭೂಖಂಡ ಮರಳುಗಾಡು, ಎಸಾಮಿರ್ ಹಿಮಭೂಮಿ, ಅಮೆರಿಷ್ ಗಿರಿಪ್ರದೇಶ. ಇವು ಒಂದೊಂದೂ 8 ಕಿಲೋಮೀಟರು ಉದ್ದ, ಅಷ್ಟೇ ಅಗಲ. ಆಡುವವರು ಹತ್ತಿಪ್ಪತ್ತು ಮಂದಿಯಲ್ಲ. 2015ರ ಜನವರಿಯಲ್ಲಿ ಒಂದೇ ಕಾಳಗದಲ್ಲಿ 1,158 ಮಂದಿ ಸೇರಿ ಆಡಿದುದು ಗಿನ್ನೆಸ್ ದಾಖಲೆಯಾಯಿತು. ಇದರಲ್ಲಿ ಸತ್ತವನು ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಎದ್ದು ಬರುತ್ತಾನೆ. ಕಳೆದುಹೋಗುವುದು ಕಾಲ ಮತ್ತು ಪಟ್ಟ ಶ್ರಮ.

ನಮ್ಮ ಹುಡುಗನು ಇದರಲ್ಲಿ ಬಂದೂಕಿನವನಾಗಿರಲಿಲ್ಲ. ಗ್ಯಾಲಕ್ಸಿ ಎಂಬ ಸಾರಿಗೆ ವಿಮಾನವನ್ನು ನಡೆಸುವುದು ಅವನ ಕೆಲಸ. ಈ ವಿಮಾನದಲ್ಲಿ 12 ಸ್ಥಾನಗಳುಂಟು: ನಡೆಸುವವನೊಬ್ಬ, ಎಡಬಲಗಳಲ್ಲಿಯೂ ಮೇಲೂ ಬಾಲದಲ್ಲಿಯೂ ಫಿರಂಗಿ ಹಿಡಿಯುವವರು ನಾಲ್ವರು, ಪ್ರಯಾಣಿಕರು ಏಳು ಮಂದಿ. ಆಟದ ಒಂದು ತುಕಡಿಯಲ್ಲಿಯೂ 12 ಮಂದಿಯೇ. ತುಕಡಿಯು ಒಂದೇ ವಿಮಾನದಲ್ಲಿ ಹಿಡಿಸುತ್ತದೆ. ಆಕಾಶದಿಂದ ಧುಮುಕಿದರೂ ಪ್ರಯಾಣಿಕರಿಗೆ ಪೆಟ್ಟಾಗದಂತೆ ಏರ್ಪಾಡುಂಟು. ಆದರೆ ನಡೆಸುವವನ ಕೈಯಲ್ಲಿ ಒಂದು ಗುಂಡೂ ಇಲ್ಲ. ಮಿಕ್ಕ ಹನ್ನೊಂದು ಮಂದಿಯನ್ನು ಬೇಕಾದೆಡೆಯಲ್ಲಿ ಇಳಿಸುವುದೇ ಅವನ ಪೌರುಷ.

ನಾವು ಕುಳಿತ ಮೊದಲ ರಾತ್ರಿಯೇ ಅನಾಹುತವಾಯಿತು. ಜನರು ಹತ್ತಿದೊಡನೆ ಹುಡುಗನು ಶತ್ರುವಿನ ಠಾಣೆಯ ಕಡೆಗೆ ಗೆರೆ ಎಳೆದಂತೆ ನೇರವಾಗಿ ಹಾರಿದನು. ಕೆಳಗೆ ಸ್ಕೈಗಾರ್ಡ್ ಎಂಬ ವಿಮಾನನಾಶಕ ವಾಹನಗಳು ಕಾದಿದ್ದವು. ಠಾಣೆ ಇನ್ನೂ ದೂರವಿರುವಾಗಲೇ ವಿಮಾನವು ಉರಿದು ಬಿದ್ದಿತು. ಹನ್ನೆರಡು ಮಂದಿಯೂ ಹೋದರು. ಕಿವಿಯ ಯಂತ್ರದಲ್ಲಿ ಯಾರೋ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದರು. ಹುಡುಗನ ಮುಖ ಕೆಂಪಾಯಿತು, ಆಮೇಲೆ ಬಾಡಿತು. ಯಂತ್ರವನ್ನು ಕಿತ್ತಿಟ್ಟು, “ತಾತ, ನಾಳೆಯಿಂದ ನಾನೂ ಬಂದೂಕು ಹಿಡಿಯುತ್ತೇನೆ. ಆಗ ತಪ್ಪು ಮಾಡಿದರೆ ನಾನೊಬ್ಬನೇ ಸಾಯುತ್ತೇನೆ” ಎಂದನು.

ಬಿಡಿಸಬೇಕೆಂದು ಬಂದಿದ್ದ ನಮಗೆ ಇದು ಸುಲಭವಾದ ಸಂದರ್ಭವಾಗಿದ್ದಿತು. ಆದರೆ ಆ ಮಾತು ನಮ್ಮನ್ನು ತಡೆಯಿತು. ಹೊಣೆಗೆ ಹೆದರಿ ಹಿಂಜರಿಯುವ ಆ ದನಿಯನ್ನು ನಾವು ಬಲ್ಲೆವು. ಒಂದು ಕಾಲಕ್ಕೆ ಅದು ನಮ್ಮದೇ ಆಗಿದ್ದಿತು.

ಉಪಾಧ್ಯಾಯ ವೃತ್ತಿಯ ಮೊದಲ ವರ್ಷಗಳಲ್ಲಿ ನಾವು 38 ಮಕ್ಕಳನ್ನು ಜೋಗದ ಜಲಪಾತಕ್ಕೆ ಕರೆದೊಯ್ದಿದ್ದೆವು. ಹಿಂದಿರುಗುವಾಗ ಸಾಗರದಲ್ಲಿ ಬಸ್ಸು ನಿಂತಿತು. ಕತ್ತಲಾಗುವುದೆಂಬ ಆತುರದಲ್ಲಿ ತಲೆ ಎಣಿಸದೆ ಹೊರಟೆವು. ಆನಂದಪುರದಲ್ಲಿ ಎಣಿಸಿದರೆ 37. ಬಸ್ಸನ್ನು ತಿರುಗಿಸಿಕೊಂಡು ಹೋದೆವು. ಹುಡುಗನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನು. “ನೀವು ಬರುತ್ತೀರೆಂದು ಗೊತ್ತಿತ್ತು ಮೇಷ್ಟರೆ” ಎಂದನು. ಬೈಗುಳಕ್ಕಿಂತಲೂ ಆ ನಂಬಿಕೆ ನಮ್ಮನ್ನು ಹೆಚ್ಚಾಗಿ ಸುಟ್ಟಿತು. ಮರುವರ್ಷ ಪ್ರವಾಸದ ಹೊಣೆ ಬೇಡವೆಂದಾಗ ಮುಖ್ಯೋಪಾಧ್ಯಾಯರು, “ಎಣಿಸುವುದು ಇನ್ನು ಮೇಲೆ ನಿಮಗೆ ಮರೆಯುವುದಿಲ್ಲ. ನೀವೇ ಹೋಗಿ” ಎಂದರು. ಇದನ್ನು ನಾವು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಮೊಮ್ಮಗನಿಗೆ ಹೇಳಿದೆವು.

ಜೊತೆಗೆ ರಾಮಾಯಣದ ಒಂದು ಪ್ರಸಂಗವನ್ನೂ ನೆನಪಿಗೆ ತಂದೆವು. ಯುದ್ಧಕಾಂಡದಲ್ಲಿ ರಾವಣನು ರಾಮಬಾಣಗಳಿಂದ ಕಳೆಗುಂದಿದಾಗ ಅವನ ಸಾರಥಿಯು ರಥವನ್ನು ರಣರಂಗದಿಂದ ಹೊರಕ್ಕೆ ನಡೆಸುತ್ತಾನೆ. ಎಚ್ಚತ್ತ ರಾವಣನು, ನನ್ನನ್ನು ಹೇಡಿಯೆನಿಸಿದೆ ಎಂದು ಕೆರಳುತ್ತಾನೆ. ಸಾರಥಿಯಾದರೋ ಅಂಜದೆ, ದೇಶಕಾಲಗಳನ್ನೂ ಕುದುರೆಗಳ ಆಯಾಸವನ್ನೂ ನೆಲದ ಏರುತಗ್ಗುಗಳನ್ನೂ ಅರಿತು, ಯಾವಾಗ ಸಮೀಪಿಸಬೇಕು, ಯಾವಾಗ ಸರಿಯಬೇಕು ಎಂಬುದನ್ನು ತಿಳಿದಿರುವುದೇ ಸಾರಥಿಯ ಧರ್ಮವೆಂದು ಬಿನ್ನವಿಸುತ್ತಾನೆ. ರಾವಣನು ಮೆಚ್ಚಿ ತನ್ನ ಕೈಯ ಆಭರಣವನ್ನು ಕೊಡುತ್ತಾನೆ. ಹುಡುಗನು ಸುಮ್ಮನೆ ಕೇಳಿ, ಗೋಡೆಯ ಹಳೆಯ ಪಂಚಾಂಗದ ಹಾಳೆಯೊಂದನ್ನು ಹರಿದು, ಅದರ ಬೆನ್ನಿನಲ್ಲಿ ಆ ಠಾಣೆಯ ನಕ್ಷೆಯನ್ನು ಬರೆಯತೊಡಗಿದನು.

ಮುಂದಿನ ಎರಡು ವಾರಗಳಲ್ಲಿ ಅವನು ಕಲಿತುದನ್ನು ನಾವು ಪಕ್ಕದಲ್ಲಿದ್ದು ಕಂಡೆವು. ಮೊದಲನೆಯದು, ಏರುವ ಮುನ್ನವೇ ಇಳಿಸುವ ಸ್ಥಳವನ್ನು ನಿಶ್ಚಯಿಸುವುದು. ಠಾಣೆಯ ಹೆಸರು ಹೇಳಿದರೆ ಸಾಲದು. ಯಾವ ಕಟ್ಟಡದ ಯಾವ ಮಾಳಿಗೆ ಎಂಬುದನ್ನು ಎಲ್ಲರಿಗೂ ತಿಳಿಸಬೇಕು. ಎರಡನೆಯದು ದಾರಿ. ನೇರವಾದ ದಾರಿಯನ್ನೇ ಶತ್ರುವೂ ಕಾಯುತ್ತಿರುತ್ತಾನೆ. ಅಮೆರಿಷ್‌ನಲ್ಲಿ ಬೆಟ್ಟಗಳ ಮರೆಯಲ್ಲಿ, ಇಂಡಾರ್‌ನಲ್ಲಿ ಕಣಿವೆಗಳ ಒಳಗೆ ತಗ್ಗಿ ಸಾಗಬೇಕು. ಮರೆಯಿಲ್ಲದ ಕಡೆ ಬಲು ಎತ್ತರಕ್ಕೆ ಏರಿ, ಕಾಳಗವನ್ನು ಸುತ್ತುಹಾಕಿ, ಬೆನ್ನ ಕಡೆಯಿಂದ ಬರಬೇಕು. ಎರಡು ನಿಮಿಷ ತಡವಾದರೂ ಚಿಂತೆಯಿಲ್ಲ.

ಮೂರನೆಯದು ವೇಗ. ವಿಮಾನಕ್ಕೆ ಕ್ಷಣಕಾಲ ಹೆಚ್ಚಿನ ಓಟ ಕೊಡುವ ಸಾಧನವೊಂದುಂಟು. ಅದು ಬೇಗ ತೀರಿ, ಮೆಲ್ಲನೆ ತುಂಬುತ್ತದೆ. ಅದನ್ನು ದಾರಿಯಲ್ಲಿ ವ್ಯಯಮಾಡದೆ ಗುಂಡುಗಳ ನಡುವೆ ನುಗ್ಗುವ ಘಳಿಗೆಗೆ ಉಳಿಸಬೇಕು. ಆದರೆ ಮಾಳಿಗೆಯ ಮೇಲೆ ಬಂದೊಡನೆ ವೇಗವನ್ನು ತಗ್ಗಿಸಬೇಕು. ಹನ್ನೊಂದು ಮಂದಿ ಒಂದೇ ನಿಮಿಷಾರ್ಧದಲ್ಲಿ ಧುಮುಕುವುದಿಲ್ಲ. ಒಬ್ಬನು ಬೇಗ, ಒಬ್ಬನು ತಡ. ಓಡುವ ವಿಮಾನದಿಂದಾದರೆ ಅವರು ಚೆಲ್ಲಾಪಿಲ್ಲಿಯಾಗಿ ಬಿದ್ದು ಒಬ್ಬೊಬ್ಬರಾಗಿ ಸಾಯುತ್ತಾರೆ. ಒಟ್ಟಿಗೆ ಇಳಿದರೆ ಠಾಣೆಯನ್ನೇ ಹಿಡಿಯಬಲ್ಲರು.

ನಾಲ್ಕನೆಯದು, ಇಳಿಸಿದ ಮೇಲೆ ಅಲ್ಲಿ ನಿಲ್ಲದಿರುವುದು. ಕಾಳಗವನ್ನು ನೋಡುವ ಚಪಲ ಸಹಜ. ಆದರೆ ನಿಂತ ಗ್ಯಾಲಕ್ಸಿಗಿಂತ ದೊಡ್ಡ ಗುರಿ ಆಕಾಶದಲ್ಲಿಲ್ಲ. ಆದುದರಿಂದ ಹುಡುಗನು ಎಂಜಿನಿಯರ್ ವೇಷದಲ್ಲಿಯೇ ಹೋಗುವನು. ಬೆಟ್ಟದ ಮರೆಯಲ್ಲಿ ಇಳಿದು, ತಾನೇ ವಿಮಾನವನ್ನು ದುರಸ್ತಿಮಾಡಿಕೊಂಡು, ಮುಂದಿನ ಸರದಿಗೆ ಸಿದ್ಧನಾಗುವನು. ಐದನೆಯದು ಮಾತು. “ಬೆಟ್ಟ ದಾಟಿದೆವು,” “ಹತ್ತು ಎಣಿಕೆ,” “ಇಳಿಯಿರಿ”—ಇಷ್ಟೇ. ನಡೆಸುವವನ ದನಿ ನಡುಗಿದರೆ ಹನ್ನೊಂದು ಎದೆಗಳು ನಡುಗುತ್ತವೆ.

ರಜೆ ಮುಗಿಯುವ ಹೊತ್ತಿಗೆ ಒಂದು ರಾತ್ರಿ, ಎಲ್ಲವನ್ನೂ ಸರಿಯಾಗಿ ಮಾಡಿದರೂ ಠಾಣೆಯ ಸಮೀಪದಲ್ಲಿ ವಿಮಾನಕ್ಕೆ ಬೆಂಕಿ ಹತ್ತಿತು. ಮಾಳಿಗೆಗೆ ಇನ್ನೂ ಸ್ವಲ್ಪ ದೂರ. ಮುನ್ನುಗ್ಗುವನೋ ಎಂದು ನಾವು ಉಸಿರು ಬಿಗಿಹಿಡಿದೆವು. ಹುಡುಗನು ದನಿಯನ್ನು ಏರಿಸದೆ, ಈಗಲೇ ಇಳಿಯಿರಿ ಎಂದು ಹೇಳಿ, ವಿಮಾನವನ್ನು ಅಲುಗಾಡದಂತೆ ಹಿಡಿದು ನಿಂತನು. ಪರದೆಯ ಮೇಲೆ ಸ್ಥಾನಗಳು ಒಂದೊಂದಾಗಿ ಖಾಲಿಯಾದವು. ಕೊನೆಯದು ಖಾಲಿಯಾದ ಮೇಲೆ ವಿಮಾನ ಸಿಡಿಯಿತು, ಅವನೊಬ್ಬನೇ ಅದರಲ್ಲಿದ್ದವನು. ಠಾಣೆ ಆ ರಾತ್ರಿ ಕೈವಶವಾಗಲಿಲ್ಲ. ಆದರೂ ಹುಡುಗನು ನಮ್ಮ ಕಡೆಗೆ ತಿರುಗಿ, “ತಾತ, ಹನ್ನೊಂದು ಜನರೂ ಇಳಿದರು” ಎಂದನು. ಅವನು ಎಣಿಸಿದ್ದನು.

ಆಟವನ್ನು ಹೊಗಳಿ ಬರೆಯುವುದು ನಮ್ಮ ಉದ್ದೇಶವಲ್ಲ. ಹೊತ್ತಿಗೆ ಮಿತಿ ಬೇಕು. ನಮ್ಮ ಮನೆಯಲ್ಲಿ ಪಾಠವಾದ ಮೇಲೆ ಒಂದು ಘಂಟೆ ಎಂದು ಗೊತ್ತುಮಾಡಿದ್ದೇವೆ. ಆದರೆ ಮಕ್ಕಳು ಏನನ್ನು ಆಡುತ್ತಾರೆ ಎಂಬುದರ ಜೊತೆಗೆ, ಅದರಲ್ಲಿ ಯಾವ ಸ್ಥಾನವನ್ನು ಆರಿಸಿಕೊಂಡಿದ್ದಾರೆ ಎಂಬುದನ್ನೂ ಹಿರಿಯರು ಪಕ್ಕದಲ್ಲಿ ಕುಳಿತು ನೋಡಬೇಕೆಂಬುದು ನಮ್ಮ ಬಿನ್ನಹ.

ಮೊನ್ನೆ ಬಂಧುಗಳ ಮದುವೆಗೆಂದು ಮನೆಮಂದಿಯೆಲ್ಲ ವ್ಯಾನಿನಲ್ಲಿ ಹೊರಟೆವು. ದಾರಿಯಲ್ಲಿ ಕಾಫಿಗೆ ಇಳಿದು ಮತ್ತೆ ಹತ್ತುವಾಗ ಒಬ್ಬನು ಬಾಗಿಲ ಬಳಿ ನಿಂತು ಬೆರಳು ಮಡಿಸುತ್ತ ತಲೆಗಳನ್ನು ಎಣಿಸುತ್ತಿದ್ದನು. ಮಗಳು ನಮ್ಮ ಮುಖವನ್ನು ನೋಡಿದಳು. ಬಿಡಿಸುವ ಮಾತನ್ನು ಆಮೇಲೆ ಅವಳು ಎತ್ತಿಲ್ಲ.