ಖಾತೆ ಪುಸ್ತಕ ಓದೋ ನೌಕರಿಗೆ ಐದು ಜರಡಿ!

ದಾವಣಗೆರೆ: "ಡೇಟಾ ಅಂದ್ರೆ ಮೊಬೈಲಿಗೆ ಹಾಕ್ಸೋದಲ್ವೇನ್ರೀ? ಅದ್ರಾಗೆ ನೌಕರಿ ಎಂಥದು?"

ಮಂಡಿಪೇಟೆಯ ಕಿರಾಣಿ ಅಂಗಡಿ ಯಜಮಾನರೊಬ್ಬರು ಹೀಗೆ ಕೇಳಿದಾಗ ಪಕ್ಕದಲ್ಲಿದ್ದವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಅವರ ಮಗಳು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಕಾಲೇಜಿಗೆ ಬರುವ ಕಂಪನಿಗೆ 'ಡೇಟಾ ಅನಲಿಸ್ಟ್' ಬೇಕಂತೆ. ಮಗಳು ರಾತ್ರಿ ಒಂದು ಗಂಟೆವರೆಗೆ ಓದುತ್ತಾಳೆ. ಏನು ಓದುತ್ತಾಳೆ ಎಂಬುದು ಅಪ್ಪನಿಗೆ ಗೊತ್ತಿಲ್ಲ. ಫೀಸು ಕಟ್ಟಿದ್ದು ಮಾತ್ರ ಗೊತ್ತು.

ಇದು ಒಂದು ಮನೆಯ ಕತೆಯಲ್ಲ. 1951ರಲ್ಲಿ ಯು.ಬಿ.ಡಿ.ಟಿ. ಕಾಲೇಜು ಆರಂಭವಾದಾಗಿನಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಊರು ನಮ್ಮದು. ಆಗ ಓದಿದವರು ಪಿ.ಡಬ್ಲ್ಯು.ಡಿ., ಕೆ.ಇ.ಬಿ. ಅಂತ ಅರ್ಜಿ ಹಿಡಿದು ಅಲೆಯುತ್ತಿದ್ದರು. ಈಗ ಕಂಪನಿಯೇ ಕಾಲೇಜಿನ ಬಾಗಿಲಿಗೆ ಬರುತ್ತದೆ. ಬಾಗಿಲಿಗೆ ಬಂದ ಮಾತ್ರಕ್ಕೆ ಸುಲಭ ಎಂದು ತಿಳಿಯಬೇಡಿ. ದಾಟಬೇಕಾದ ಜರಡಿ ಒಂದಲ್ಲ, ಐದು.

ಅಂಗಡಿ ಲೆಕ್ಕವೇ ಡೇಟಾ

ಮೊದಲು ಯಜಮಾನರ ಪ್ರಶ್ನೆಗೆ ಉತ್ತರ. ನಿಮ್ಮ ಖಾತೆ ಪುಸ್ತಕವೇ ಡೇಟಾ. ಯಾವ ಹಬ್ಬಕ್ಕೆ ಎಷ್ಟು ಮೂಟೆ ಬೆಲ್ಲ ಹೋಯಿತು, ಯಾರ ಉದ್ರಿ ಎಷ್ಟು ತಿಂಗಳಾಯಿತು, ಮಳೆಗಾಲದಲ್ಲಿ ಮಂಡಕ್ಕಿ ವ್ಯಾಪಾರ ಏರಿತೋ ಇಳಿಯಿತೋ, ಇವೆಲ್ಲ ನಿಮ್ಮ ತಲೆಯಲ್ಲೇ ಇರುತ್ತವೆ. ದೊಡ್ಡ ಕಂಪನಿಗೆ ಗಿರಾಕಿ ಕೋಟಿಗಟ್ಟಲೆ. ಯಾವ ಯಜಮಾನನ ತಲೆಗೂ ಅದು ಹಿಡಿಸುವುದಿಲ್ಲ. ಕಂಪ್ಯೂಟರಿನಲ್ಲಿರುವ ಆ ಲೆಕ್ಕವನ್ನು ಕೆದಕಿ, "ಈ ಮಾಲು ಇಲ್ಲಿ ಕಡಿಮೆ ಕಳಿಸಿ, ಆ ಗಿರಾಕಿ ಕೈ ತಪ್ಪುತ್ತಿದ್ದಾನೆ" ಎಂದು ಹೇಳುವವನೇ ಡೇಟಾ ಅನಲಿಸ್ಟ್. ಇದೇ ದಂಧೆಗೆಂದು ಮ್ಯೂ ಸಿಗ್ಮಾ ಎಂಬ ಕಂಪನಿ 2004ರಲ್ಲೇ ಹುಟ್ಟಿತು. ಈಗ ಬ್ಯಾಂಕು, ವಿಮೆ, ದಿನಸಿ ಮನೆಗೆ ಮುಟ್ಟಿಸುವವರು, ಎಲ್ಲರಿಗೂ ಇಂಥವರು ಬೇಕು.

ಜರಡಿ ಒಂದು, ಎರಡು

ಮೊದಲನೇದು ಅಂಕ. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಡಿಗ್ರಿ ಮೂರರಲ್ಲೂ ಶೇಕಡಾ 60 ಬೇಕು, ಬಾಕಿ ವಿಷಯ ಇರಕೂಡದು ಎಂಬುದು ಬಹಳ ಕಂಪನಿಗಳ ಕಟ್ಟಳೆ. ಹತ್ತನೇ ತರಗತಿಯಲ್ಲಿ ಜ್ವರ ಬಂದು 58 ಬಿದ್ದಿದ್ದರೆ, ಆರು ವರ್ಷದ ಮೇಲೂ ಆ ಜ್ವರ ಬಿಡುವುದಿಲ್ಲ.

ಎರಡನೇದು ಕಂಪ್ಯೂಟರ್ ಪರೀಕ್ಷೆ. ಲಾಭ-ನಷ್ಟ, ಶೇಕಡಾವಾರು, ರೈಲು-ವೇಗ, ತರ್ಕ, ಇಂಗ್ಲಿಷ್. ಪ್ರಶ್ನೆ ಕಷ್ಟದವಲ್ಲ, ಗಡಿಯಾರ ಕಷ್ಟ. ಸರಾಸರಿ ನಿಮಿಷಕ್ಕೊಂದು ಪ್ರಶ್ನೆ ಬಿಡಿಸಬೇಕು. ಮನೆಯಲ್ಲೇ ಕೂತು ಬರೆಯುವುದಾದರೆ ಕ್ಯಾಮೆರಾ ಕಾವಲು. ಮುಖ ಆಚೀಚೆ ತಿರುಗಿದರೂ ಎಚ್ಚರಿಕೆ ಬರುತ್ತದೆ. ಹಳ್ಳಿಯಲ್ಲಿ ಕರೆಂಟು ಹೋದರೆ ದೇವರೇ ಗತಿ.

ಮೂರನೇದು: ಲೆಕ್ಕದ ಒಳಮರ್ಮ

ಇಲ್ಲಿ ಅಸಲು ಕೆಲಸದ ಪ್ರಶ್ನೆ. ಕಂಪ್ಯೂಟರಿನ ಖಾತೆ ಪುಸ್ತಕವನ್ನು ಮಾತಾಡಿಸಲು ಎಸ್.ಕ್ಯು.ಎಲ್. ಎಂಬ ಭಾಷೆ ಇದೆ. "ಗಿರಾಕಿಗಳ ಪಟ್ಟಿ ಒಂದು, ವ್ಯಾಪಾರದ ಪಟ್ಟಿ ಇನ್ನೊಂದು. ಹೋದ ತಿಂಗಳು ಏನೂ ಕೊಳ್ಳದವರು ಯಾರು?" ಎರಡು ಪಟ್ಟಿ ಜೋಡಿಸಿ ಹೇಳಬೇಕು. ಬಹಳ ಹಳೇ ಪ್ರಶ್ನೆಯೊಂದಿದೆ: ನೌಕರರ ಪಟ್ಟಿಯಲ್ಲಿ ಎರಡನೇ ಅತಿ ಹೆಚ್ಚು ಸಂಬಳ ಯಾರದು? ಇನ್ನೂ ಸಂಬಳವನ್ನೇ ಕಾಣದ ಹುಡುಗರು ಇದನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ!

ಇನ್ನೊಂದು ನೋಡಿ. ಅಂಗಡಿಯ ಐದು ದಿನದ ವ್ಯಾಪಾರ 8,000, 8,500, 9,000, 9,500, ಹಬ್ಬದ ದಿನ 65,000. ಕೂಡಿಸಿ ಐದರಿಂದ ಭಾಗಿಸಿದರೆ ಸರಾಸರಿ 20,000. ದಿನಾ ಇಪ್ಪತ್ತು ಸಾವಿರ ಆಗುತ್ತದೆಂದು ಮಾಲು ತರಿಸಿದರೆ ದಿವಾಳಿ ಗ್ಯಾರಂಟಿ. ಸಾಲಾಗಿ ನಿಲ್ಲಿಸಿ ನಡುವಿನದು ನೋಡಿದರೆ 9,000. ಅದೇ ಸರಿಯಾದ ಅಂದಾಜು. ಇದನ್ನು 'ಮೀಡಿಯನ್' ಅನ್ನುತ್ತಾರೆ. ನಮ್ಮ ವರ್ತಕರಿಗೆ ಹೆಸರು ಗೊತ್ತಿಲ್ಲ, ವಿದ್ಯೆ ಗೊತ್ತಿದೆ.

"ದಾವಣಗೆರೆಯಲ್ಲಿ ದಿನಕ್ಕೆ ಎಷ್ಟು ಬೆಣ್ಣೆ ದೋಸೆ ಖರ್ಚಾಗುತ್ತದೆ?" ಎಂಬಂಥ ಪ್ರಶ್ನೆಯೂ ಬರುತ್ತದೆ. ಗಾಬರಿ ಬೇಡ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಇಪ್ಪತ್ತರಲ್ಲಿ ಒಬ್ಬರು ಹೋಟೆಲಿನಲ್ಲಿ ಒಂದು ದೋಸೆ ತಿಂದರು ಅನ್ನಿ, ಸುಮಾರು 21,750 ಆಯಿತು. ಉತ್ತರ ಸರಿಯೋ ತಪ್ಪೋ ಯಾರೂ ಎಣಿಸಲು ಹೋಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಯೋಚಿಸುತ್ತಾನೋ ಇಲ್ಲವೋ, ಅದಷ್ಟೇ ಪರೀಕ್ಷೆ.

ಬಾಯಿ ಕಟ್ಟುವ ಜರಡಿ

ನಾಲ್ಕನೇದು ಗುಂಪು ಚರ್ಚೆ. ಎಂಟು ಹತ್ತು ಮಂದಿಯನ್ನು ಕೂಡಿಸಿ ವಿಷಯ ಕೊಟ್ಟು ಮಾತಾಡಿ ಅನ್ನುತ್ತಾರೆ, ಇಂಗ್ಲಿಷಿನಲ್ಲಿ. ನಮ್ಮ ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಜಾರುವುದು ಇಲ್ಲೇ. "ತಲೆಯಾಗೆ ಉತ್ತರ ಇತ್ತು ಸಾರ್, ಇಂಗ್ಲಿಷ್ ಹುಡುಕೋದ್ರಾಗೆ ಇನ್ನೊಬ್ಬ ಹೇಳಿಬಿಟ್ಟ" ಎಂದ ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗ. ಲೆಕ್ಕ ಬರದೆ ಸೋತಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಕೊನೇ ವರ್ಷದಲ್ಲಿ ಹದಿನೈದು ದಿನ 'ಸಾಫ್ಟ್ ಸ್ಕಿಲ್' ತರಗತಿ ಮಾಡಿ ಕೈ ತೊಳೆದುಕೊಳ್ಳುವ ಕಾಲೇಜುಗಳು ಇದನ್ನು ಮೊದಲ ವರ್ಷದಲ್ಲೇ ಶುರು ಮಾಡಿದರೆ ಗಂಟೇನು ಹೋಗುತ್ತದೆ?

ಐದನೇದು ಸಂದರ್ಶನ. ಅರ್ಜಿಯಲ್ಲಿ ಬರೆದ ಪ್ರಾಜೆಕ್ಟಿನ ಬೆನ್ನು ಹತ್ತುತ್ತಾರೆ. ದುಡ್ಡು ಕೊಟ್ಟು ಮಾಡಿಸಿದ ಪ್ರಾಜೆಕ್ಟು ಎರಡನೇ ಪ್ರಶ್ನೆಗೇ ಬೆತ್ತಲಾಗುತ್ತದೆ. ಅಪ್ಪನ ಅಂಗಡಿಯ ಆರು ತಿಂಗಳ ಚೀಟಿಗಳನ್ನೇ ಕಂಪ್ಯೂಟರಿಗೆ ಏರಿಸಿ ಲೆಕ್ಕ ತೆಗೆದವಳು ಮಾತ್ರ ಯಾವ ಪ್ರಶ್ನೆಗೂ ಅಂಜಬೇಕಿಲ್ಲ.

ನಾಲ್ಕು ಲಕ್ಷದ ಗಣಿತ

ಗೆದ್ದವರ ಮನೆಯಲ್ಲಿ "ನಾಲ್ಕು ಲಕ್ಷ ಪ್ಯಾಕೇಜ್" ಎಂದು ಪೇಡ ಹಂಚುತ್ತಾರೆ. ವರ್ತಕರೇ, ಇಲ್ಲಿ ಸ್ವಲ್ಪ ನಿಲ್ಲಿ. ವರ್ಷಕ್ಕೆ ನಾಲ್ಕು ಲಕ್ಷ ಅಂದರೆ ತಿಂಗಳಿಗೆ 33,333. ಅದರಲ್ಲಿ ಹತ್ತನೇ ಒಂದು ಭಾಗ 'ವೇರಿಯಬಲ್' ಎಂದಿದ್ದರೆ 3,333 ಕೈಗೆ ಬಂದಾಗ ಬಂತು. ಕಂಪನಿ ಕಟ್ಟುವ ಪಿ.ಎಫ್. 1,800 ಕೂಡ ಅದರಲ್ಲೇ ಸೇರಿರುತ್ತದೆ. ಗ್ರಾಚ್ಯುಟಿ ಎಂದು ಸುಮಾರು 800. ಅದು ಸಿಗುವುದು ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆ. ನೌಕರನ ಪಾಲಿನ ಪಿ.ಎಫ್. ಮತ್ತೆ 1,800, ವೃತ್ತಿ ತೆರಿಗೆ 200. ಕೈಗೆ ಬರುವುದು ಹತ್ತಿರ ಹತ್ತಿರ 25,400. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸು ಕಳೆದು ಊರಿಗೆ ಎಷ್ಟು ಕಳಿಸಬಹುದು, ನೀವೇ ಹೇಳಿ.

ಹೇಳಿದ ಸಂಬಳ ಹಾಗೇ ಉಳಿಯುತ್ತದೆ ಎನ್ನುವಂತೆಯೂ ಇಲ್ಲ. 2023ರ ಫೆಬ್ರವರಿಯಲ್ಲಿ ವಿಪ್ರೊ ಕಂಪನಿ 6.5 ಲಕ್ಷಕ್ಕೆ ಆಯ್ಕೆಯಾಗಿ ಕಾಯುತ್ತಿದ್ದ ಹೊಸಬರಿಗೆ, 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತ್ತು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ಸಿನ ಮೈಸೂರು ಕ್ಯಾಂಪಸ್ಸಿನಲ್ಲಿ ಮೂರು ಅವಕಾಶದಲ್ಲೂ ಒಳಪರೀಕ್ಷೆ ಪಾಸಾಗದ 300ಕ್ಕೂ ಹೆಚ್ಚು ತರಬೇತಿ ಹುಡುಗರನ್ನು ಮನೆಗೆ ಕಳಿಸಲಾಯಿತು. ಆಫರ್ ಲೆಟರ್ ಬಂತೆಂದರೆ ಮುಹೂರ್ತ ಆಯಿತೆಂದಲ್ಲ, ಬರೀ ನಿಶ್ಚಿತಾರ್ಥ.

ಬಾಂಡ್ ಎಂಬ ಉರುಳು

ಕೆಲವು ಕಂಪನಿಗಳು ಎರಡು ಮೂರು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಂತಿಷ್ಟು ಕಟ್ಟಬೇಕು ಎಂದು ಬರೆಸಿಕೊಳ್ಳುತ್ತವೆ. "ಬಾಂಡ್ ಎಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡ್ರಿ" ಎನ್ನುವ ಹಿತೈಷಿಗಳು ಬಹಳ. ಅವರನ್ನು ನಂಬಬೇಡಿ. ನಮ್ಮ ಮಂಗಳೂರಿನಲ್ಲೇ ಹುಟ್ಟಿದ್ದ ವಿಜಯ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷ ದುಡಿಯಬೇಕು, ಇಲ್ಲವೆ ಎರಡು ಲಕ್ಷ ಕಟ್ಟಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಎಲ್ಲ ಬಾಂಡಿಗೂ ಇದೇ ನ್ಯಾಯ ಎಂದಲ್ಲ. ಆದರೆ ಓದದೆ ಸಹಿ ಹಾಕುವ ಕಾಲ ಹೋಯಿತು. ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಇಟ್ಟು ಬರಬೇಡಿ.

ಇನ್ನೊಂದು ಜಾತಿಯವರಿದ್ದಾರೆ. ಫೋನ್ ಮಾಡಿ, "ನಿಮ್ಮ ಮಗ ಸೆಲೆಕ್ಟ್, ಲ್ಯಾಪ್‌ಟಾಪ್ ಡಿಪಾಸಿಟ್ ಕಟ್ಟಿ" ಎನ್ನುತ್ತಾರೆ. ನೌಕರಿ ಕೊಡುವ ನಿಜವಾದ ಕಂಪನಿ ಸಂಬಳ ಕೊಡುತ್ತದೆ, ಡಿಪಾಸಿಟ್ ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ದೂರ.

ಉದ್ರಿ ಕೊಡುವ ಮುಂಚೆ ಗಿರಾಕಿಯ ಮುಖ, ಮನೆತನ, ಹಳೇ ಬಾಕಿ ಮೂರನ್ನೂ ತೂಗುವವರು ನೀವು. ಕಂಪನಿ ನಿಮ್ಮ ಮಗಳನ್ನು ಐದು ಜರಡಿ ಹಿಡಿದು ನೋಡುವಾಗ, ನೀವೂ ಕಂಪನಿಯನ್ನು ಒಂದು ಜರಡಿಯಾದರೂ ಹಿಡಿಯಬೇಡವೆ? ಕೈಗೆ ಎಷ್ಟು, ಸೇರುವುದು ಯಾವಾಗ, ಬಾಂಡ್ ಎಷ್ಟು ವರ್ಷ. ಈ ಮೂರು ಮಾತು ಕೇಳಿಸಿ. ಆಮೇಲೆ ಪೇಡ ಹಂಚಿ.