ಫರ್ಸಿ ಕಲ್ಲಿನ ಮೇಲೊಂದು ದ್ವೀಪ

ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ದೂರು: ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆ? ಬರೀ ‘ಬೇಡ’ ಅಂದರೆ ಯಾವ ಮಗುವೂ ಕೇಳುವುದಿಲ್ಲ, ಬದಲಿಗೆ ಏನಾದರೂ ಕೊಡಬೇಕು. ಕರಾವಳಿಯಿಂದ ಬಂದು ಸೇಡಂ ತಾಲೂಕಿನ ಆಡಕಿಯಲ್ಲಿ ಕಲಿಸುವ ನಾವು ಮಕ್ಕಳಿಗೆ ಕೊಟ್ಟದ್ದು ಕಲ್ಲಿನ ತುಂಡು.

ಮೇಜಿನ ಸುತ್ತ ಕೂತು ಆಡುವ ಪಾತ್ರದ ಆಟ ಅಂತ ಒಂದಿದೆ. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ನಿಂದ ಇದು ಹೆಸರಾಯಿತು. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ನಾವಿಕ, ವ್ಯಾಪಾರಿ, ವೈದ್ಯ ಅಂತ ಒಂದೊಂದು ಪಾತ್ರ ಹಿಡಿದು, ‘ನಾನೀಗ ಹೀಗೆ ಮಾಡ್ತೇನೆ’ ಅನ್ನುತ್ತಾರೆ. 1981ರಲ್ಲಿ ಇದೇ ಆಟಕ್ಕೆ ‘ಐಲ್ ಆಫ್ ಡ್ರೆಡ್’ ಎಂಬ ದ್ವೀಪದ ಕಥೆ ಬಂತು. ಆಡುವವರ ಕೈಗೆ ಸಿಗುವ ನಕ್ಷೆಯಲ್ಲಿ ದ್ವೀಪದ ಒಳಭಾಗ ಖಾಲಿ, ಹೋದ ಹಾಗೆ ತುಂಬಿಸುತ್ತಾ ಹೋಗಬೇಕು. ಈಗ ನಕ್ಷೆಯೇ ಬಿಡಿ ತುಂಡುಗಳಲ್ಲಿ ಸಿಗುತ್ತದೆ, ಜೋಡಿಸಿದ ಹಾಗೆ ಬೇರೆ ಬೇರೆ ದ್ವೀಪ. ಅದರ ಮಾಟಮಂತ್ರದ ಕಥೆ ನಮಗೆ ಬೇಡ, ನಕ್ಷೆಯ ಉಪಾಯ ಸಾಕು.

ಈ ಉಪಾಯ ಹೊಸತೂ ಅಲ್ಲ. 1154ರಲ್ಲಿ ಅಲ್ ಇದ್ರೀಸಿ ಸಿಸಿಲಿಯ ದೊರೆ ರೋಜರನಿಗಾಗಿ ಲೋಕದ ನಕ್ಷೆ ಬರೆದಾಗ ಭೂಮಿಯನ್ನು 7 ಪಟ್ಟಿ ಮಾಡಿ, ಪ್ರತಿ ಪಟ್ಟಿಯನ್ನು 10 ಭಾಗ ಮಾಡಿದ್ದರು. ಒಟ್ಟು 70 ಹಾಳೆ. ಒಂದೊಂದನ್ನು ಬೇರೆಯಾಗಿ ಓದಬಹುದು, ಪಕ್ಕಪಕ್ಕ ಇಟ್ಟರೆ ಇಡೀ ಲೋಕ.

ಆಡಕಿಯಲ್ಲಿ ಹಾಳೆ ಹುಡುಕಬೇಕಾಗಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನ ನೆಲದಡಿ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿದೆ. ಎಬ್ಬಿಸಿದರೆ ಹಲಗೆಯ ಹಾಗೆ ಸಪಾಟಾಗಿ ಏಳುತ್ತದೆ. ನಮ್ಮ ಊರ ಮುರಕಲ್ಲಿನಲ್ಲಿ ಇದು ಆಗುವ ಕೆಲಸವೇ ಅಲ್ಲ. ಅಪ್ಪಂದಿರು ಗಣಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕಡಿಯುವ ಕಲ್ಲು ಮಕ್ಕಳಿಗೆ ದುಡಿಮೆಯ ವಸ್ತು. ಆಡಲು ಆದೀತು ಅಂತ ಅವರಿಗೆ ಹೊಳೆದಿರಲಿಲ್ಲ.

ಮೂಲೆಗೆ ಬಿಸಾಡಿದ ಚೂರುಗಳನ್ನು ನಾಲ್ಕು ಇಂಚಿನ ಚೌಕ ಮಾಡಿಸಿ, ಅಂಚು ಕೈಗೆ ತಾಗದ ಹಾಗೆ ನೀರು ಹಾಕಿ ಉಜ್ಜಿಸಿದೆವು. ಗುಟ್ಟು ಇರುವುದು ಗೆರೆಯಲ್ಲಿ. ದಡದ ಗೆರೆ ಕಲ್ಲಿನ ಅಂಚನ್ನು ಯಾವಾಗಲೂ ಅಂಚಿನ ನಡುಮಧ್ಯದಲ್ಲೇ ಮುಟ್ಟಬೇಕು. ಆಗ ಈ ಕಲ್ಲಿನ ದಡ ಪಕ್ಕದ ಕಲ್ಲಿನ ದಡಕ್ಕೆ ಸರಿಯಾಗಿ ಕೂಡುತ್ತದೆ. ಒಂದು ಮೂಲೆ ಮಾತ್ರ ನೆಲ ಇರುವ ನಾಲ್ಕು ಕಲ್ಲುಗಳನ್ನು, ನೆಲದ ಮೂಲೆಗಳು ನಡುವೆ ಸೇರುವ ಹಾಗೆ ಇಟ್ಟರೆ ಪುಟ್ಟ ದುಂಡು ದ್ವೀಪ. ಅರ್ಧ ನೆಲ ಅರ್ಧ ನೀರಿನ ಕಲ್ಲು ನಾಲ್ಕು, ಪೂರ್ತಿ ನೆಲದ್ದು ಒಂದು ಸೇರಿಸಿದರೆ ಒಂಬತ್ತು ಕಲ್ಲಿನ ದೊಡ್ಡ ದ್ವೀಪ. ಮೂರು ಮೂಲೆ ನೆಲ, ಒಂದು ಮೂಲೆ ನೀರು ಇರುವ ಕಲ್ಲು ಬಂದಲ್ಲಿ ದಡ ಒಳಕ್ಕೆ ಬಾಗಿ ದೋಣಿ ನಿಲ್ಲುವ ಜಾಗವಾಗುತ್ತದೆ. ಉಳಿದದ್ದೆಲ್ಲ ಬರೀ ನೀರು. ‘ಹಜರತ್, ಸಮುದ್ರ ಅಂದ್ರ ಕಾಗಿಣಾಕ್ಕಿಂತ ದೊಡ್ಡದಿರ್ತದೇನ್ರಿ?’ ಅಂತ ಒಬ್ಬ ಹುಡುಗ ಕೇಳಿದ. ನೀರಿನ ಕಲ್ಲು ಎಷ್ಟು ಇಟ್ಟರೂ ಸಾಲದು ಅಂದೆವು.

ಕಥೆಯೂ ಹತ್ತಿರದಲ್ಲೇ ಸಿಕ್ಕಿತು. ಕಾಗಿಣಾ ದಡದ ಮಳಖೇಡ ಇದೇ ತಾಲೂಕಿನದ್ದು, ರಾಷ್ಟ್ರಕೂಟರ ರಾಜಧಾನಿ. ಅರಬ್ ಬರಹಗಾರರು ಅದನ್ನು ಮಾನ್‌ಕೀರ್ ಅಂದರು, ದೊರೆಯನ್ನು ಬಲ್ಹರಾ ಅಂದರು. 851ರ ಒಂದು ಅರಬ್ ಬರಹ ಬಲ್ಹರಾನನ್ನು ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಎಣಿಸಿದೆ. ಅದೇ ಬರಹದಲ್ಲಿ ದ್ವೀಪಗಳ ಮಾತೂ ಉಂಟು. ಸುಮಾರು 1900 ದ್ವೀಪ, ಆಳುವವಳು ಒಬ್ಬ ಹೆಂಗಸು, ಹಣ ಅಂದರೆ ಕವಡೆ. ತೆಂಗಿನ ಗರಿಯನ್ನು ನೀರ ಮೇಲೆ ಹಾಕಿದರೆ ಕವಡೆ ಹತ್ತಿಕೊಳ್ಳುತ್ತದಂತೆ! ಮಾನ್‌ಕೀರಿನ ವ್ಯಾಪಾರಿ ಆ ದ್ವೀಪಗಳಿಗೆ ಹೊರಡುತ್ತಾನೆ ಎನ್ನುವುದು ನಮ್ಮ ಆಟ.

ದಾಳದ ವಿಷಯದಲ್ಲಿ ಮಾತ್ರ ನಿಂತು ಯೋಚಿಸಬೇಕಾಯಿತು. ಮೂಲ ಆಟದಲ್ಲಿ ಗೆಲುವು ಸೋಲು ದಾಳದ ಕೈಯಲ್ಲಿ. ನರ್ದ್ ಆಟದ ಬಗ್ಗೆ ಸಹೀಹ್ ಮುಸ್ಲಿಮಿನಲ್ಲಿ ಕಠಿಣ ಎಚ್ಚರಿಕೆ ಇರುವುದು ನಿಮಗೂ ಗೊತ್ತು. ಅದೃಷ್ಟದ ಮೇಲೆ ನಿಂತ ಆಟವನ್ನೂ ಲೆಕ್ಕ, ಯೋಚನೆಯ ಮೇಲೆ ನಿಂತ ಆಟವನ್ನೂ ಶಾಫಿಈ ಉಲಮಾಗಳು ಬೇರೆಯಾಗಿಯೇ ನೋಡಿದ್ದಾರೆ. ಆದ್ದರಿಂದ ದಾಳ ಬಿಟ್ಟೆವು. ಬಿಟ್ಟರೂ ಆಟ ಸಪ್ಪೆಯಾಗಲಿಲ್ಲ, ಕಾರಣ ಈ ಬಿಡಿ ಕಲ್ಲುಗಳೇ. ಕಥೆ ಹೇಳುವವನು ದ್ವೀಪವನ್ನು ಮೊದಲೇ ಯೋಚಿಸಿ, ಕಲ್ಲುಗಳನ್ನು ಮಗುಚಿ ಇಟ್ಟಿರುತ್ತಾನೆ. ದೋಣಿ ಹೋದಲ್ಲಿ ಮಾತ್ರ ಕಲ್ಲು ತಿರುಗುತ್ತದೆ. ಕುಡಿಯುವ ನೀರು ಇಷ್ಟೇ ಇದೆ, ಯಾವ ಕಡೆ ಹೋಗೋಣ ಅಂತ ಮಕ್ಕಳು ಕಂಡ ದಡದ ತಿರುವು ನೋಡಿ ಲೆಕ್ಕ ಹಾಕುತ್ತಾರೆ. ಎದೆ ಡವಡವ ಅನ್ನಲು ಅಷ್ಟು ಸಾಕು. ಪಣ ಅಂತೂ ಒಂದು ಬಟಾಣಿಯದ್ದೂ ಇಲ್ಲ.

ಊರಲ್ಲಿ ಆಡುವುದಾದರೆ ಕಲ್ಲೇ ಬೇಕೆಂದಿಲ್ಲ, ಮನೆ ಕಟ್ಟಿ ಉಳಿದ ಟೈಲ್ಸ್ ಅಥವಾ ದಪ್ಪ ರಟ್ಟು ಆಗುತ್ತದೆ. ಕಥೆಗೆ ಮಳಖೇಡದವರೆಗೆ ಬರುವುದೂ ಬೇಡ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಓಡಗಳು ಹುರಿಹಗ್ಗ ತಂದು ಮಂಗಳೂರು ಬಂದರಿನಿಂದ ಅಕ್ಕಿ ಒಯ್ಯುತ್ತಿದ್ದವು. ಬಂದರಿನ ಪರಿಚಯ ಇದ್ದ ಅಜ್ಜಂದಿರು ಮನೆಯಲ್ಲಿದ್ದರೆ ಕಥೆ ಹೇಳುವ ಪಾತ್ರ ಅವರಿಗೇ ಕೊಡಿ. ಒಂದು ನಿಯಮ ಮಾತ್ರ ಮೊದಲೇ ಹೇಳಿಡಿ: ಮಳೆಗಾಲ ಶುರುವಾಗುವ ಮೊದಲು ಅಕ್ಕಿ ದ್ವೀಪ ಮುಟ್ಟಬೇಕು, ಆಮೇಲೆ ಓಡ ಹೊರಡುವ ಹಾಗಿಲ್ಲ.