ಹುಲಿಕುಂಟೆಯ ಸೊನ್ನೆ

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಕೆರೆಕುಂಟೆಗಳನ್ನು ನೋಡಿಬರೋಣವೆಂದು ಹೊರಟಿದ್ದೆ. ಬಸ್ಸಿಳಿದವನಿಗೆ ಮೊದಲು ಕಂಡದ್ದು ಬಾಗಿಲು ಹಾಕಿದ ಒಂದು ಅಂಗಡಿ, ಅದರ ಸೂರಿನ ಮೇಲೆ ಎರಡು ಗೂಟಗಳಿಗೆ ಬಿಗಿದ ತಗಡಿನ ಬೋರ್ಡು. ಬಿಸಿಲಿಗೆ ಹಸಿರು ಬಣ್ಣ ಬೂದಿಗೆ ತಿರುಗಿತ್ತು. ಅಂಗಡಿಯ ಹೆಸರು ಪೂರ್ತಿ ಅಳಿಸಿಹೋಗಿ, ಕೆಳಗಿನ ಸಾಲಿನ ಊರ ಹೆಸರಷ್ಟೇ ಉಳಿದಿತ್ತು. ಹು, ಲಿ, ಕು, ಟೆ. ‘ಕು’ ಮತ್ತು ‘ಟೆ’ ನಡುವೆ ಸೊನ್ನೆ ಇರಬೇಕಾದ ಕಡೆ ಬಣ್ಣವೇ ಇರಲಿಲ್ಲ. ಯಾವ ಕಾಲದಲ್ಲೋ ಅಲ್ಲಿಗೆ ಮೊಳೆ ಹೊಡೆದಿದ್ದಾರೆ. ಮೊಳೆಗೆ ತುಕ್ಕು ಹಿಡಿದಿದೆ, ತುಕ್ಕು ತಗಡನ್ನು ತಿಂದಿದೆ, ಕೊನೆಗೆ ಮೊಳೆಯೂ ಉದುರಿ ಕಡ್ಲೆಬೀಜದಷ್ಟು ಅಗಲದ ತೂತು ಉಳಿದಿದೆ. ಹಿಂದಿನ ಗೂಟ ವಾರೆಯಾಗಿ ಪಕ್ಕಕ್ಕೆ ಸರಿದಿದ್ದರಿಂದ ತೂತಿನ ಆಚೆ ಏನೂ ಅಡ್ಡವಿರಲಿಲ್ಲ. ಸುತ್ತ ಕೆಂಪು ಅಂಚು, ನಡುವೆ ಆಕಾಶ.

ನಾನು ಆ ಬೋರ್ಡನ್ನು ತಡವರಿಸದೆ ‘ಹುಲಿಕುಂಟೆ’ ಎಂದೇ ಓದಿದ್ದೆ. ಓದಿ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಹೊಳೆಯಿತು, ನಾನು ಓದಿದ ಸೊನ್ನೆ ಅಲ್ಲಿ ಇರಲೇ ಇಲ್ಲ. ಹಿಂದಿರುಗಿ ಬಂದು ನಿಂತು ನೋಡಿದೆ. ಅರಳಿಕಟ್ಟೆಯ ಮೇಲೆ ಕೂತಿದ್ದ ಯಜಮಾನರೊಬ್ಬರು ಕೇಳಿದರು:

“ಏನ್ ನೋಡ್ತಾ ಇದೀರ ಸ್ವಾಮಿ?”

“ಬೋರ್ಡಿನಲ್ಲಿ ಸೊನ್ನೆ ಹೋಗಿಬಿಟ್ಟಿದೆಯಲ್ಲ ಯಜಮಾನರೇ, ಅದನ್ನೇ.”

ಅವರು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. “ಎಲ್ಲೋಗೈತೆ? ಅಲ್ಲೇ ಐತಲ್ಲ. ಬಣ್ಣ ಹೋಗೈತೆ, ಅಷ್ಟೇಯ.”

ಈ ಮಾತು ಕೇಳಿ ಬಂದು ವಾರಗಳೇ ಕಳೆದರೂ ನನ್ನ ತಲೆಯಿಂದ ಇಳಿದಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳ ಹೆಸರುಗಳಲ್ಲಿ ಒಂದರಲ್ಲೂ ಸೊನ್ನೆಯಿಲ್ಲ. ಇವುಗಳ ನಡುವಿನ ಹುಲಿಕುಂಟೆಗೆ ಒಂದು ಸೊನ್ನೆ ಸಿಕ್ಕಿದೆ, ಅದೂ ಕುಂಟೆ ಎಂಬ ಮಾತಿನ ಹೊಟ್ಟೆಯೊಳಗೆ. ಕುಂಟೆಯೆಂದರೆ ಮಳೆ ನೀರು ನಿಲ್ಲಲೆಂದು ನೆಲದಲ್ಲಿ ಬಿಟ್ಟ ಗುಂಡನೆಯ ಖಾಲಿ ಜಾಗ. ಬರೆದರೆ ಸೊನ್ನೆ, ನೋಡಿದರೂ ಸೊನ್ನೆ.

ಕನ್ನಡದಲ್ಲಿ ಸೊನ್ನೆ ಎಂಬ ಹೆಸರು ಎರಡಕ್ಕೆ ಸಲ್ಲುತ್ತದೆ. ಒಂದು ಲೆಕ್ಕದ ಸೊನ್ನೆ, ಇನ್ನೊಂದು ಅಕ್ಷರದ ಸೊನ್ನೆ, ಅಂದರೆ ಅನುಸ್ವಾರ. ಶೂನ್ಯ ಎಂಬುದರ ತದ್ಭವವೇ ಸೊನ್ನೆ. ಮನುಷ್ಯನನ್ನು ಸೊನ್ನೆಗೆ ಹೋಲಿಸುವವರೆಲ್ಲ ಲೆಕ್ಕದ ಸೊನ್ನೆಯನ್ನೇ ಹಿಡಿದುಕೊಳ್ಳುತ್ತಾರೆ. ಮನುಷ್ಯನ ಗುಣ ಹೆಚ್ಚಾಗಿ ಕಾಣುವುದು ಅಕ್ಷರದ ಸೊನ್ನೆಯಲ್ಲಿ ಎಂದು ನನಗನ್ನಿಸುತ್ತದೆ.

ಅಂಗಳ, ಮಂಚ, ಕುಂಟೆ, ತಂದೆ, ಕಂಬ. ಈ ಐದನ್ನೂ ಗಟ್ಟಿಯಾಗಿ, ನಿಧಾನವಾಗಿ ಹೇಳಿ ನೋಡಿ. ಬರೆಯುವಾಗ ಐದರಲ್ಲೂ ಒಂದೇ ಸೊನ್ನೆ. ಬಾಯಿಯಲ್ಲಿ ಐದೂ ಬೇರೆ ಬೇರೆ. ಅಂಗಳದ ಸೊನ್ನೆ ಗಂಟಲ ಹತ್ತಿರ ಹುಟ್ಟುತ್ತದೆ. ಮಂಚದ್ದು ಅಂಗುಳಕ್ಕೆ ಒತ್ತಿಕೊಳ್ಳುತ್ತದೆ. ಕುಂಟೆಯಲ್ಲಿ ನಾಲಗೆಯ ತುದಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ, ತಂದೆಯಲ್ಲಿ ಹಲ್ಲಿಗೆ ತಾಗುತ್ತದೆ, ಕಂಬದಲ್ಲಿ ತುಟಿ ಮುಚ್ಚುತ್ತದೆ. ಮುಂದೆ ಬರುವ ಅಕ್ಷರ ಯಾವುದೋ ಅದರ ಮನೆಯವನಾಗಿಬಿಡುತ್ತದೆ ಸೊನ್ನೆ. ಒಂದನೇ ತರಗತಿಯಲ್ಲಿ ಅಷ್ಟು ಕಷ್ಟಪಟ್ಟು ತಿದ್ದಿದ ‘ಙ’ ಆಮೇಲೆ ನಮ್ಮ ಬರವಣಿಗೆಯಲ್ಲಿ ಕಾಣದಿರುವುದು ಇದಕ್ಕೇ. ಅದರ ಕೆಲಸವನ್ನೂ ಸೊನ್ನೆಯೇ ಮಾಡುತ್ತಿದೆ. ವ್ಯಾಕರಣದವರು ಅಂ, ಅಃ ಎರಡನ್ನೂ ಯೋಗವಾಹ ಎಂದು ಕರೆದರು. ಇನ್ನೊಂದರ ಜೊತೆ ಸೇರಿಯೇ ಸಾಗುವವು ಎಂದು ಅರ್ಥ. ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಕೇಳಿಲ್ಲ.

‘ಸಂಬಂಧ’ ಎಂಬ ಮಾತಿನಲ್ಲಿ ಎರಡು ಸೊನ್ನೆಗಳಿವೆ. ಮೊದಲನೆಯದು ‘ಬ’ಕಾರಕ್ಕಾಗಿ ತುಟಿ ಕೂಡಿಸುತ್ತದೆ, ಎರಡನೆಯದು ‘ಧ’ಕಾರಕ್ಕಾಗಿ ನಾಲಗೆಯನ್ನು ಹಲ್ಲಿಗೆ ಒಯ್ಯುತ್ತದೆ. ‘ಅಹಂ’ ಎಂಬಲ್ಲಿಯೂ ಒಂದು ಸೊನ್ನೆಯಿದೆ. ಅದರ ಮುಂದೆ ಯಾರೂ ಇಲ್ಲ. ಹಾಗಾಗಿ ಆ ಮಾತು ಮುಗಿಯುವುದು ಬಾಯಿ ಮುಚ್ಚಿಕೊಂಡೇ. ನಾನೆಂಬುದರ ಮುಂದೆ ಇನ್ನೊಬ್ಬರಿಗೆ ಜಾಗವಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ತುಟಿಯೇ ತೋರಿಸಿಕೊಡುತ್ತದೆ.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಮುಂದಿನವರ ದನಿಗೆ ತಿರುಗಿಕೊಳ್ಳುವ ಗುಣವೇ ಮನುಷ್ಯನನ್ನು ಗುಂಪಿನಲ್ಲಿ ಗುಂಪಿನವನಾಗಿ ಮಾಡುತ್ತದೆ. ಕಚೇರಿಯಲ್ಲಿ ಒಂದು ದನಿ, ಜಾತ್ರೆಯಲ್ಲಿ ಒಂದು, ಚುನಾವಣೆ ಬಂದಾಗ ಇನ್ನೊಂದು. ಸೊನ್ನೆಗೆ ತನ್ನದೇ ಆದ ದನಿ ಇಲ್ಲದ್ದು ಬಲವೂ ಹೌದು, ದೌರ್ಬಲ್ಯವೂ ಹೌದು. ಯಾರ ಪಕ್ಕ ನಿಲ್ಲುತ್ತೇವೆ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ.

ಇನ್ನು ಲೆಕ್ಕದ ಸೊನ್ನೆ. ಪಾವಗಡದಿಂದ ವಾಯವ್ಯಕ್ಕೆ ಹೋದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆ, ಅಲ್ಲಿ ಬ್ರಹ್ಮಗಿರಿ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ, ಅದರಲ್ಲಿ 256 ಎಂಬ ಸಂಖ್ಯೆಯೂ ಇದೆ. ಆದರೆ ಅದು ನಾವು ಬರೆಯುವ 256 ಅಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಒಂದು, ಆರಕ್ಕೆ ಒಂದು. ಪ್ರತಿಯೊಂದು ಗುರುತೂ ತನ್ನ ಬೆಲೆಯನ್ನು ತಾನೇ ಹೊತ್ತುಕೊಂಡು ನಿಂತಿದೆ. ಯಾರ ಸ್ಥಾನವನ್ನು ಯಾರೂ ಕಾಯಬೇಕಿಲ್ಲ, ಅದಕ್ಕೇ ಅಲ್ಲಿ ಸೊನ್ನೆಗೆ ಕೆಲಸವೂ ಇಲ್ಲ.

ಆಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯೊಡನೆ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದ. ಗ್ವಾಲಿಯರಿನ 876ರ ಶಾಸನದಲ್ಲಿ 270 ಎಂಬುದನ್ನು ಇಂದಿನಂತೆಯೇ ಗುಂಡು ಸೊನ್ನೆ ಹಾಕಿ ಕೆತ್ತಿದ್ದಾರೆ. ಅರಬರ ಕೈದಾಟಿ ಯುರೋಪಿಗೆ ಹೋದ ಈ ಅಂಕಿಗಳನ್ನು 1202ರಲ್ಲಿ ಫಿಬೊನಾಚ್ಚಿ ಪುಸ್ತಕ ಬರೆದು ಪರಿಚಯಿಸಿದ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಅವನ್ನು ನಿಷೇಧಿಸಿ, ಮೊತ್ತವನ್ನು ಅಕ್ಷರದಲ್ಲೇ ಬರೆಯಬೇಕೆಂದಿತು. ಇಂದಿಗೂ ನಾವು ಚೆಕ್ಕಿನ ಮೇಲೆ ಅಕ್ಷರದಲ್ಲೂ ಬರೆಯುತ್ತೇವೆ.

ನನಗೆ ಇವರೆಲ್ಲರಿಗಿಂತ ಅಕ್ಕರೆಯವನು ನಮ್ಮ ಮಹಾವೀರಾಚಾರ್ಯ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿದ ಅದೇ ಕಾಲದಲ್ಲಿ, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ ಜೈನ ಗಣಿತಜ್ಞ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ ಎಂದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ ಎಂದೂ ಹೇಳಿದ. ಈ ಎರಡನೆಯದು ತಪ್ಪು ಎನ್ನುತ್ತದೆ ಇಂದಿನ ಗಣಿತ. ಅವನಿಗಿಂತ ಮುನ್ನೂರು ವರ್ಷ ಈಚಿನ ಭಾಸ್ಕರಾಚಾರ್ಯ ಅಂಥ ಭಾಗಾಕಾರವನ್ನು ‘ಖಹರ’ ಎಂದು ಕರೆದು, ಅದು ಅನಂತ ಎಂದ. ತಪ್ಪಾದರೂ ಮಹಾವೀರನ ಮಾತಿನಲ್ಲಿ ಸಂಸಾರದ ಅನುಭವವಿದೆ. ಹತ್ತು ಸೇರು ರಾಗಿಯನ್ನು ಯಾರಿಗೂ ಹಂಚದಿದ್ದರೆ ಹತ್ತು ಸೇರೂ ಹಾಗೇ ಇರುತ್ತದೆ. ಯಾರಿಗೂ ಭಾಗ ಕೊಡದವನ ಮನೆ ಇದ್ದಂತೆಯೇ ಉಳಿಯುತ್ತದೆ, ಇರುವೆ ನುಸಿ ಬರುವವರೆಗೆ.

ನನಗೆ ಒಪ್ಪಿಗೆಯಾಗದ ಒಂದು ಉಪಮೆಯಿದೆ. ಬೀಳ್ಕೊಡುಗೆ ಸಮಾರಂಭಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಅದನ್ನು ಕೇಳದವರಿಲ್ಲ. ಮನುಷ್ಯ ಬರೀ ಸೊನ್ನೆ, ಎಡಕ್ಕೆ ಒಂದು ನಿಂತರೆ ಹತ್ತಾಗುತ್ತಾನೆ, ಆ ಒಂದು ದೇವರು, ಗುರು, ಆರೋಗ್ಯ ಹೀಗೆ ಯಾವುದೋ ಒಂದು ಎನ್ನುತ್ತಾರೆ. ಕೇಳಲು ಇಂಪಾಗಿದೆ. ಆದರೆ ದೊಡ್ಡವರ ಬೆನ್ನ ಹಿಂದೆ ನಿಂತರಷ್ಟೇ ನಿನಗೆ ಬೆಲೆ ಎಂದು ಮಕ್ಕಳಿಗೆ ಕಲಿಸಿದಂತಾಗುತ್ತದೆ. ಇನ್ನೂರ ಐದು ಎಂದು ಬರೆದು ನೋಡಿ. ನಡುವಿನ ಸೊನ್ನೆ ತೆಗೆದರೆ ಉಳಿಯುವುದು ಇಪ್ಪತ್ತೈದು. ಇನ್ನೂರಾಗಿದ್ದ ಎರಡು ಇಪ್ಪತ್ತಕ್ಕೆ ಇಳಿಯುತ್ತದೆ. ಅಂದರೆ ಅಲ್ಲಿ ಬೆಲೆ ಬಂದದ್ದು ಸೊನ್ನೆಗಲ್ಲ, ಎರಡಕ್ಕೆ. ಸೊನ್ನೆ ತನಗೇನೂ ಇಟ್ಟುಕೊಳ್ಳದೆ ಎರಡನ್ನು ಅದರ ಜಾಗದಲ್ಲಿ ನಿಲ್ಲಿಸಿತು.

ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಈ ಕೆಲಸ ಮಾಡುತ್ತಿದ್ದವನಿಗೆ ನೀರುಗಂಟಿ ಎಂದು ಹೆಸರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಪಾಲು. ಮೇಲಿನ ಗದ್ದೆಯವನು ಎಷ್ಟೇ ದೊಡ್ಡವನಾದರೂ ಕೊನೆಯ ಗದ್ದೆಯವನ ಸರದಿ ತಪ್ಪಬಾರದು. ಅರಳಿಕಟ್ಟೆಯ ಯಜಮಾನರ ತಂದೆ ಆ ಕೆಲಸ ಮಾಡಿದವರಂತೆ. “ನಮ್ಮಪ್ಪ ಊರಿಗೆಲ್ಲ ನೀರು ಕಟ್ತಿದ್ದ. ನಮ್ಗೆ ನೀರಾವರಿ ಹೊಲ ಇರ್ಲಿಲ್ಲ” ಎಂದರು. ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ.

ಅವರೇ ನನ್ನನ್ನು ಜಾಲಿಗಿಡಗಳ ನಡುವಿನ ದಾರಿ ಹಿಡಿಸಿ ಊರಾಚೆಯ ಕುಂಟೆಯೊಂದಕ್ಕೆ ಕರೆದುಕೊಂಡು ಹೋದರು. ಕಡ್ಲೆಕಾಯಿ ಬಿತ್ತನೆಗೆ ಹೊಲಗಳು ಹಸನಾಗುತ್ತಿದ್ದ ದಿನಗಳು. ಕುಂಟೆಯಲ್ಲಿ ಒಂದು ಹನಿ ನೀರಿರಲಿಲ್ಲ. ತಳದ ಮಣ್ಣು ಹಪ್ಪಳದಂತೆ ಒಡೆದು ಅಂಚುಗಳು ಮೇಲಕ್ಕೆ ಸುರುಟಿದ್ದವು. ಒಂದು ಚೂರನ್ನು ಎತ್ತಿದೆ. ಮೇಲೆ ನಯವಾದ ಬೂದು ಜೇಡಿ, ಅದರಡಿ ಒಂದು ಗೆರೆ ಮರಳು, ಮತ್ತೆ ಜೇಡಿ. ಮಳೆಗಳು ಒಂದರ ಮೇಲೊಂದು ತಮ್ಮ ಲೆಕ್ಕ ಬರೆದಿಟ್ಟಿದ್ದವು. ನಡುವೆ ನಿಂತರೆ ದಡ ನನ್ನ ಸೊಂಟಕ್ಕೂ ಬರುತ್ತಿರಲಿಲ್ಲ. ಹಿಂದೆ ಎಷ್ಟು ಆಳವಿತ್ತು ಎಂದು ಕೇಳಿದೆ. ಅವರು ಕೈಯನ್ನು ತಲೆಯ ಮೇಲೆ ಎತ್ತಿ ತೋರಿಸಿದರು.

“ಪಾಪ, ಕುಂಟೆ ಖಾಲಿಯಾಗಿದೆ” ಅಂದೆ.

“ಖಾಲಿ ಎಲ್ಲೈತೆ ಸ್ವಾಮಿ? ಖಾಲಿ ಇದ್ದಿದ್ರೆ ಚೆನ್ನಾಗಿರ್ತಿತ್ತು. ಹೂಳು ತುಂಬ್ಕೊಂಡೈತೆ.”

ನಾನು ಇಷ್ಟು ವರ್ಷ ಕೆರೆಗಳ ಬಗ್ಗೆ ಓದಿದ್ದರಲ್ಲಿ ಇದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಕೆರೆಯ ಶತ್ರು ಖಾಲಿತನವಲ್ಲ. ಖಾಲಿತನವೇ ಅದರ ಆಸ್ತಿ. ನೀರು ಬರುವುದು ಮೋಡದ ಕೈಯಲ್ಲಿದೆ, ಖಾಲಿಯನ್ನು ಉಳಿಸಿಕೊಳ್ಳುವುದು ಊರಿನ ಕೈಯಲ್ಲಿದೆ. ಹೂಳೆತ್ತುವುದೆಂದರೆ ಗುದ್ದಲಿ ಮಂಕರಿ ಹಿಡಿದು ಸೊನ್ನೆಯನ್ನು ಮತ್ತೆ ಅಗೆದು ತೆಗೆಯುವ ಕೆಲಸ. ಹೀಗೆ ತೆಗೆದ ಗೋಡುಮಣ್ಣು ಹೊಲಕ್ಕೆ ಬಿದ್ದರೆ ಗೊಬ್ಬರ. ಕುಂಟೆಯನ್ನು ಕೊಂದದ್ದೇ ಕಡ್ಲೆಕಾಯಿ ಗಿಡವನ್ನು ಬದುಕಿಸುತ್ತದೆ. ನಮ್ಮೊಳಗೆ ಕೂತ ಓದು, ಹುದ್ದೆ, ಹೆಸರು ಕೂಡ ಹಾಗೆಯೇ. ಹೊರಗೆ ಹಾಕಿದರೆ ಗೊಬ್ಬರ, ಒಳಗೇ ಇಟ್ಟುಕೊಂಡರೆ ಹೂಳು.

ಶೂನ್ಯ ಎಂಬ ಮಾತಿನ ಬೇರು ಕೂಡ ಇದನ್ನೇ ಹೇಳುತ್ತದೆ. ಸಂಸ್ಕೃತದಲ್ಲಿ ಊದಿಕೊಳ್ಳು ಎಂಬ ಅರ್ಥದ ‘ಶ್ವಿ’ ಧಾತುವಿನಿಂದ ‘ಶೂನ’, ಅದರಿಂದ ಶೂನ್ಯ. ಹೊರಗೆ ಉಬ್ಬಿದ್ದು, ಒಳಗೆ ಪೊಳ್ಳು. ಉಬ್ಬು ಮತ್ತು ಖಾಲಿ ಎರಡೂ ಒಂದೇ ಬೇರಿನವು. ಮನುಷ್ಯನಿಗೂ ಎರಡೂ ದಾರಿ ತೆರೆದಿವೆ, ಊದಿಕೊಂಡು ಪೊಳ್ಳಾಗಬಹುದು, ಇಲ್ಲವೇ ಬರಿದಾಗಿ ಬಯಲಾಗಬಹುದು.

ಬಯಲು ಎಂದ ಕೂಡಲೇ ಅಲ್ಲಮಪ್ರಭು ನೆನಪಾಗುತ್ತಾನೆ. ಕಲ್ಯಾಣದ ಅನುಭವ ಮಂಟಪದಲ್ಲಿ ಅವನು ಏರಿದ ಪೀಠಕ್ಕೆ ಶೂನ್ಯಸಿಂಹಾಸನವೆಂದು ಹೆಸರು. ಶರಣರ ಸಂವಾದವನ್ನು ಕಟ್ಟಿಕೊಟ್ಟ ‘ಶೂನ್ಯಸಂಪಾದನೆ’ ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ ನಾಲ್ಕು ಕೈಗಳಲ್ಲಿ ಬೆಳೆಯಿತು. ಕೊನೆಯ ರೂಪ ಕೊಟ್ಟವರು ಗೂಳೂರು ಸಿದ್ಧವೀರಣ್ಣೊಡೆಯರು. ಆ ಗೂಳೂರು ತುಮಕೂರಿನ ಪಕ್ಕದ್ದೇ. ಅಲ್ಲಿ ಇಂದಿಗೂ ದೊಡ್ಡ ಮಣ್ಣಿನ ಗಣಪತಿಯನ್ನು ಮಾಡಿ, ಕಾರ್ತೀಕವೆಲ್ಲ ಪೂಜಿಸಿ, ಕೊನೆಗೆ ಊರ ಕೆರೆಗೆ ಬಿಡುತ್ತಾರೆ. ಸಂಪಾದನೆ ಎಂದರೆ ಗಳಿಕೆ. ಶೂನ್ಯವನ್ನು ಗಳಿಸಬೇಕು, ಅದು ತಾನಾಗಿ ಬರುವುದಿಲ್ಲ ಎಂದು ಆ ಹೆಸರೇ ಹೇಳುತ್ತದೆ. ಹೂಳೆತ್ತಿದವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ. ಹೊರಗಿನವರು ಬರಡು ಎನ್ನುವ ಈ ಸೀಮೆಗೆ ನಮ್ಮ ಹಿರಿಯರು ಇಟ್ಟ ಹೆಸರು ಬಯಲುಸೀಮೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಬಯಲು ಇಂದು ಬಿಸಿಲು ಹಿಡಿದು 2,050 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಾಗಿದೆ. ಆ ನೆಲದಲ್ಲಿ ಏನೂ ಇಲ್ಲ ಎಂದವರು ಸರಿಯಾಗಿ ನೋಡಿರಲಿಲ್ಲ.

ಹಿಂದಿರುಗುವ ಬಸ್ಸಿಗೆ ಕಾಯುತ್ತಾ ಮತ್ತೆ ಅದೇ ಬೋರ್ಡಿನ ಕೆಳಗೆ ನಿಂತೆ. ಹೊತ್ತು ಇಳಿದಿತ್ತು, ತೂತಿನಲ್ಲಿ ಆಕಾಶ ಕೆಂಪಾಗಿತ್ತು. ಊರ ಹೆಸರನ್ನು ಮೆಲ್ಲಗೆ ಹೇಳಿಕೊಂಡೆ. ‘ಕು’ ಆಗುತ್ತಿದ್ದಂತೆ, ‘ಟೆ’ ಇನ್ನೂ ಬಾರದಿರುವಾಗಲೇ, ನಾಲಗೆ ಹಿಂದಕ್ಕೆ ಮಡಿಚಿ ಅದರ ಜಾಗದಲ್ಲಿ ಹೋಗಿ ಕೂತಿತು. ಸೊನ್ನೆ ದನಿಗೊಳ್ಳುವುದು ಆಗಿಹೋದ ಅಕ್ಷರದಿಂದಲ್ಲ, ಬರಲಿರುವುದರಿಂದ. ಯಜಮಾನರನ್ನು ಹೊರಡುವ ಮುನ್ನ ಕೇಳಿದ್ದೆ, ಕುಂಟೆಯ ಹೂಳು ಯಾವಾಗ ತೆಗೆಯುತ್ತೀರಿ ಎಂದು. “ಮಳೆ ಬರೋಕ್ ಮುಂಚೆ ತೆಗೀಬೇಕಲ್ಲ ಸ್ವಾಮಿ, ಬಂದ್ಮೇಲೆ ತೆಗೆದ್ರೆ ಏನ್ ಬಂತು?” ಎಂದಿದ್ದರು.